ಸಭೆಯ ಅಂಗಳದಲ್ಲಿ ಗಾಡಿ ಕಲಿತವರು

ನಮ್ಮ ಕ್ರೈಸ್ತ ಸಭೆಗೆ ಗಂಟೆಯೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಮೊದಲು ಅದು ಟೆಂಪೋ ರಿಪೇರಿಯ ಗ್ಯಾರೇಜು. ಮೇಲೆ ತಗಡು, ಕೆಳಗೆ ಎಷ್ಟು ತಿಕ್ಕಿದರೂ ಹೋಗದ ಆಯಿಲಿನ ಕಲೆ, ಹೊರಗೆ ಕೆಟ್ಟ ಟೆಂಪೋಗಳನ್ನು ನಿಲ್ಲಿಸುತ್ತಿದ್ದ ಅಗಲವಾದ ಅಂಗಳ. ಸಂಭಾಜಿನಗರದ ಅಂಚಿಗಿರುವ ಶೇಂದ್ರಾದ ಕಾರ್ಖಾನೆಗಳ ಹಿಂದೆ ಹೊಸದಾಗಿ ಬೆಳೆಯುತ್ತಿದ್ದ ನಮ್ಮ ಕಾಲೊನಿಯಲ್ಲಿ ಸಭೆಗೆ ಯಾರೂ ಮನೆ ಬಾಡಿಗೆಗೆ ಕೊಡದಿದ್ದಾಗ ಗ್ಯಾರೇಜಿನ ಮಾಲೀಕ ಒಪ್ಪಿಕೊಂಡಿದ್ದ. ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಹಾಡು ಶುರು ಮಾಡಿದರೆ ಬಿಸಿಲಿಗೆ ತಗಡು ಟಕ್ ಟಕ್ ಎಂದು ತಾಳ ಹಾಕುತ್ತಿತ್ತು.

ನಾವು ಬೀದರ್ ಜಿಲ್ಲೆಯ ಔರಾದ ಕಡೆಯವರು. ನಮ್ಮ ಮನೆತನದವರು ಅಜ್ಜನ ಕಾಲದಿಂದಲೂ ಕ್ರೈಸ್ತರು. ಯಜಮಾನರಿಗೆ ಶೇಂದ್ರಾದಲ್ಲಿ ಕೆಲಸ ಸಿಕ್ಕಮೇಲೆ ಸಂಭಾಜಿನಗರಕ್ಕೆ ಬಂದೆವು. ಮಗಳು ಮದುವೆಯಾಗಿ ಹೈದರಾಬಾದಿಗೆ ಹೋದಳು; ಅವಳು ಕಾಲೇಜಿಗೆ ಓಡಿಸುತ್ತಿದ್ದ ಸ್ಕೂಟರ್ ಹಳೆಯ ಚಾದರ ಹೊದ್ದುಕೊಂಡು ನಮ್ಮ ಮನೆಯ ಮುಂದೆ ನಿಂತುಬಿಟ್ಟಿತು. ಯಜಮಾನರು ಕಂಪನಿಯ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಐವತ್ತು ದಾಟಿದ ನನಗೆ ಗಾಡಿಯ ಗೊಡವೆಯೇ ಇರಲಿಲ್ಲ.

ಪಾಸ್ಟರು ಜಾಲ್ನಾ ಕಡೆಯ ತರುಣ. ಅವರ ಹೆಂಡತಿ ನಾಸಿಕದವಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಷ್ಟೇ, ಆದರೂ ನಾವೆಲ್ಲ ಮರಾಠಿ ರೂಢಿಯಂತೆ ಅವಳನ್ನು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆವು. ಅವಳ ತಂದೆ ಪಿಂಪಳಗಾಂವ್ ಬಸವಂತದ ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದರಂತೆ. ಟ್ರ್ಯಾಕ್ಟರುಗಳ ಸಾಲಿನ ನಡುವೆ ದಾರಿ ಮಾಡಿಕೊಂಡು ಅವರಿಗೆ ಡಬ್ಬಿ ಮುಟ್ಟಿಸುತ್ತ ಗಾಡಿ ಕಲಿತವಳು ಅವಳು. ನಮ್ಮ ಕಾಲೊನಿಯಲ್ಲಿ ಸ್ಕೂಟರ್ ಓಡಿಸುವ ಹೆಂಗಸೆಂದರೆ ಆಗ ಅವಳೊಬ್ಬಳೇ.

ಸಭೆ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಪಾಸ್ಟರು ಆರಾಧನೆ ಮುಗಿಸಿ, "ನಾವು ಈ ಓಣಿಯಲ್ಲಿ ಇದ್ದೇವೆ. ಇದ್ದದ್ದರಿಂದ ಓಣಿಗೆ ಏನು ಉಪಯೋಗ ಆಯಿತು? ನಮಗೆ ತೋಚಿದ್ದು ಮಾಡೋದು ಬೇಡ. ಮನೆಮನೆಗೆ ಹೋಗಿ ಏನು ಬೇಕು ಅಂತ ಕೇಳೋಣ," ಎಂದರು. ಇಬ್ಬಿಬ್ಬರಾಗಿ ಹೊರಟೆವು. ಕಲಬುರಗಿ, ಬೀದರ್ ಕಡೆಯವರ ಮನೆಗಳಲ್ಲಿ ಕನ್ನಡ ಮಾತಾಡಲು ಅನುಕೂಲವಾಗಲೆಂದು ವಹಿನಿ ನನ್ನನ್ನು ಜೊತೆಗೆ ಕರೆದುಕೊಂಡಳು.

ಮೂಲೆಯ ಕಿರಾಣಿ ಅಂಗಡಿ ಕಲಬುರಗಿ ಕಡೆಯ ಲಿಂಗಾಯತರದು. ಅಂಗಡಿಯ ಹಿಂದೆಯೇ ಮನೆ. ಸೊಸೆ ನಮಗೆ ಚಹಾ ಕೊಟ್ಟಳು. ಅತ್ತೆ ಒಳಗೆ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ನಾನು, "ಸಭೆಯಿಂದ ಬಂದೀವಿ. ಓಣಿ ಮಂದಿಗಿ ಏನರೆ ಬೇಕಾಗಿದ್ರ ಹೇಳ್ರಿ. ಹುಡುಗುರಿಗಿ ಟ್ಯೂಷನ್, ಡಾಕ್ಟ್ರು ಬಂದು ನೋಡೋದು, ಹಂಗ ಏನರೆ," ಎಂದೆ.

ಸೊಸೆ ಒಮ್ಮೆ ಒಳಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, "ಅಕ್ಕೋರೆ, ನನಗ ಗಾಡಿ ಕಲಿಸ್ತೀರೇನ್ರಿ?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ಖರೇ ಹೇಳ್ಲತ್ತೀನ್ರಿ. ಮಗಳ ಸಾಲಿ ಆ ಕಡಿ, ದವಾಖಾನಿ ಈ ಕಡಿ. ಬಸ್ ಹಿಡೀಬೇಕಂದ್ರ ಮೇನ್ ರೋಡಿನ ಫಾಟಾ ತನಕ ಬಿಸಿಲಾಗ ನಡೀಬೇಕು. ಇವ್ರು ಅಂಗಡಿ ಬಿಟ್ಟು ಬರಂಗಿಲ್ಲ. ಎಲ್ಲೆ ಹೋಗಬೇಕಾದ್ರೂ ಯಾರರೆ ಕರ್ಕೊಂಡು ಹೋಗ್ತಾರೇನು ಅಂತ ಕಾಯ್ಕೋತ ಕೂಡೋದೇ ಆಗ್ಯಾದ್ರಿ."

ಒಳಗಿನಿಂದ ಅತ್ತೆಯ ದನಿ ಬಂತು. "ಏನ್ ಕಲೀತಾಳಂತ?"

ಸೊಸೆ ಬೆಚ್ಚಿದಳು. "ಏನಿಲ್ಲತ್ತಿ, ಸುಮ್ ಮಾತಾಡ್ಲತ್ತೀವಿ," ಎಂದುಬಿಟ್ಟಳು.

ಉಳಿದ ಮನೆಗಳಲ್ಲಿ ಹೆಂಗಸರು ಗಾಡಿ ಎಂಬ ಮಾತು ಎತ್ತಲಿಲ್ಲ. ಆದರೆ ಒಬ್ಬಳು ಹೊಲಿಗೆ ಕ್ಲಾಸು ದೂರವೆಂದು ಬಿಟ್ಟಿದ್ದಳು, ಇನ್ನೊಬ್ಬಳು ತವರಿಗೆ ಹೋಗಿ ವರ್ಷವಾಗಿತ್ತು, ಮತ್ತೊಬ್ಬಳು ಮಗುವಿಗೆ ಜ್ವರ ಬಂದರೆ ಗಂಡನ ಪಾಳಿ ಮುಗಿಯುವ ತನಕ ಕಾಯುತ್ತಿದ್ದಳು. ಹಿಂತಿರುಗುವಾಗ, ನನ್ನನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಮಾವಶಿ ಎನ್ನುತ್ತಿದ್ದ ವಹಿನಿ, "ಮಾವಶಿ, ಎಲ್ಲರೂ ಕೇಳಿದ್ದು ಒಂದೇ ಅಲ್ವಾ?" ಎಂದಳು. ನಮ್ಮಿಬ್ಬರ ಮಾತು ಮರಾಠಿಯಲ್ಲಿ ನಡೆಯುತ್ತಿತ್ತು; ಬರೆಯುವಾಗ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಮುಂದಿನ ವಾರ ಸಭೆಯಲ್ಲಿ ಅವಳು ಇದನ್ನು ಹೇಳಿದಾಗ ಗಂಡಸರು ನಕ್ಕರು. ವೈದ್ಯಕೀಯ ಶಿಬಿರ ಮಾಡೋಣ, ಬ್ಯಾನರ್ ಕಟ್ಟೋಣ ಎಂದು ಒಬ್ಬರು ಸಲಹೆ ಕೊಟ್ಟರು. ಸಭೆಯೆಂದರೆ ಪ್ರಾರ್ಥನೆಯ ಜಾಗ, ಗಾಡಿ ಕಲಿಸುವ ಜಾಗವಲ್ಲ ಎಂದು ಇನ್ನೊಬ್ಬರು ಗೊಣಗಿದರು. ಪಾಸ್ಟರು ಎಲ್ಲ ಕೇಳಿಸಿಕೊಂಡು, "ಕೇಳೋಕೆ ನಾವೇ ಹೋದೆವು. ಅವರು ಹೇಳಿದರು. ಈಗ ಇದು ಬೇಡ ಬೇರೆ ಏನಾದರೂ ಕೇಳಿ ಅನ್ನೋಕಾಗುತ್ತಾ?" ಎಂದರು. ಸಭೆಯಲ್ಲಿ ವೆಲ್ಡಿಂಗ್ ಕೆಲಸದ ಹಿರಿಯರೊಬ್ಬರಿದ್ದರು. ಬೀಳುವ ಭಯ ಇರುವವರಿಗೆ ಗಾಡಿಯ ಪಕ್ಕಕ್ಕೆ ಎರಡು ಸಣ್ಣ ಗಾಲಿ ಕೂಡಿಸಿಕೊಡುತ್ತೇನೆ, ಕಲಿತ ಮೇಲೆ ಬಿಚ್ಚಿದರಾಯಿತು ಎಂದು ಅವರು ಎದ್ದು ನಿಂತು ಹೇಳಿದರು. ಆದರೆ ಗಾಡಿ ಎಲ್ಲಿ? ವಹಿನಿಯದು ಒಂದೇ ಇತ್ತು. ನನ್ನ ಬಾಯಿಂದ, "ನಮ್ಮ ಮನೆಯಲ್ಲಿ ಒಂದು ನಿಂತಿದೆ," ಎಂಬ ಮಾತು ಹೊರಟುಹೋಯಿತು.

ಮರುದಿನ ಸಂಜೆ ಯಜಮಾನರು ಕೆಲಸದಿಂದ ಬಂದಾಗ ಸ್ಕೂಟರ್ ಸಭೆಯ ಅಂಗಳದಲ್ಲಿತ್ತು, ವೆಲ್ಡಿಂಗ್ ಮುಗಿದಿತ್ತು. ಅವರು ನೋಡಿ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲೇ ಸಿಡುಕಿದರು.

"ಮಗಳ ಗಾಡಿಗಿ ಕೂಸಿನ ಗಾಲಿ ಹಚ್ಚ್ಯಾರ! ಯಾರು ಕಲೀಲತ್ತಾರ ಅದರ ಮ್ಯಾಲ?"

"ಮೊದ್ಲು ನಾನೇ ಕಲೀತೀನ್ರಿ," ಎಂದೆ. ಅದು ವಹಿನಿಯ ಶರತ್ತು. ವಯಸ್ಸಾದವಳೊಬ್ಬಳು ಮೊದಲು ಕಲಿತರೆ ಉಳಿದವರು ತಾವಾಗಿ ಬರುತ್ತಾರೆ ಎಂದು ಅವಳು ನನ್ನನ್ನು ಒಪ್ಪಿಸಿಬಿಟ್ಟಿದ್ದಳು.

"ಈ ವಯಸ್ಸಿನ್ಯಾಗ ಕಾಲು ಮುರ್ಕೊಂಡು ಕುಂತ್ರ ಯಾರ್ ನೋಡ್ಬೇಕು ನಿನಗ?"

"ನೀವೇ," ಎಂದೆ. ಅವರು ಮುಖ ತೊಳೆಯಲು ಹೋದರು.

ಕಾಲು ಮುರಿಯಲಿಲ್ಲ, ಆದರೆ ನಾನು ಬಿದ್ದೆ. ಗಾಲಿ ಇದ್ದರೂ ಬಿದ್ದೆ. ಹೆದರಿದಾಗ ಬ್ರೇಕ್ ಹಿಡಿಯುವ ಬದಲು ರೇಸ್ ತಿರುವುವುದು ನನ್ನ ಚಾಳಿ. ಮೊದಲ ದಿನ ಗ್ಯಾರೇಜಿನ ಹಳೆಯ ಡ್ರಮ್ಮಿಗೆ ಹೋಗಿ ಗುದ್ದಿದೆ. ವಹಿನಿ ಓಡಿ ಬಂದಳು. ನನ್ನನ್ನು ಎಬ್ಬಿಸುವ ಮೊದಲು ಗಾಡಿ ಬಂದ್ ಮಾಡಿ, "ಮಾವಶಿ, ಡ್ರಮ್ಮು ಕಂಡಿತ್ತಾ?" ಎಂದು ಕೇಳಿದಳು. ಕಂಡಿತ್ತು ಎಂದೆ. "ಹಾಗಾದರೆ ಡ್ರಮ್ಮು ನೋಡಬೇಡಿ. ಹೋಗಬೇಕಾದ ಕಡೆ ನೋಡಿ. ಕಣ್ಣು ಹೋದ ಕಡೆ ಗಾಡಿ ಹೋಗುತ್ತೆ." ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿ ಪಿನ್ನು ಹಾಕಿ, ಮತ್ತೆ ಕೂರಿಸಿದಳು. ನಾನು ಬೈಬಲ್ಲು ಓದುವ ಕನ್ನಡಕ ಹಾಕಿಕೊಂಡೇ ಬಂದಿದ್ದೆನೆಂದು ಮೂರನೆಯ ಸುತ್ತಿಗೆ ಇಬ್ಬರಿಗೂ ಗೊತ್ತಾಯಿತು. ಅದನ್ನು ತೆಗೆದಿಟ್ಟ ಮೇಲೆ ಅಂಗಳ ನೆಟ್ಟಗೆ ಕಾಣಿಸಿತು.

ಒಂದು ಶನಿವಾರ ವೆಲ್ಡಿಂಗಿನ ಹಿರಿಯರು ಸಣ್ಣ ಗಾಲಿಗಳನ್ನು ಬಿಚ್ಚಿ ಪಕ್ಕಕ್ಕಿಟ್ಟರು. ವಹಿನಿ ಹಿಂದಿನಿಂದ ಹಿಡಿದುಕೊಂಡು ಓಡಿದಳು. ಗೇಟಿನ ಹತ್ತಿರ ತಿರುಗಿದಾಗ ಅವಳು ಆಚೆ ಮೂಲೆಯಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಯಾರ ಹಿಡಿತವೂ ಇಲ್ಲದೆ ನಾನು ಬಂದಿದ್ದೆ. ಮದುವೆ, ಹೆರಿಗೆ, ಮಗಳ ಡಿಗ್ರಿ, ಎಲ್ಲ ಸಂತೋಷ ಕಂಡವಳು ನಾನು. ಆ ಸಂತೋಷಗಳಲ್ಲಿ ಇನ್ನೊಬ್ಬರ ಪಾಲಿತ್ತು. ಇದು ನನ್ನೊಬ್ಬಳದು ಅನ್ನಿಸಿತು.

ವಹಿನಿಯ ಲೆಕ್ಕ ಸರಿಯಾಗಿತ್ತು. ನಾನು ಓಣಿಯಲ್ಲಿ ಗಾಡಿ ಓಡಿಸಿಕೊಂಡು ಹಾಲಿನ ಡೇರಿಗೆ ಹೋಗಿ ಬಂದದ್ದನ್ನು ಕಂಡವರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಹೊಲಿಗೆ ಕ್ಲಾಸು ಬಿಟ್ಟಿದ್ದವಳು ಬಂದಳು. ಪಕ್ಕದ ಓಣಿಯಿಂದ ಬುರ್ಖಾ ತೊಟ್ಟ ಅಕ್ಕತಂಗಿಯರಿಬ್ಬರು ಬಂದರು. ಬರುವವರಿಗೆ ವಹಿನಿ ಮೊದಲೇ ಹೇಳುತ್ತಿದ್ದಳು: "ಪ್ರಾರ್ಥನೆ ಭಾನುವಾರ, ಒಳಗೆ. ಬೇಕಾದವರಿಗೆ ಬಾಗಿಲು ತೆರೆದಿರುತ್ತೆ. ಅಂಗಳದಲ್ಲಿ ಗಾಡಿ ಮಾತ್ರ." ನಮ್ಮವರಲ್ಲಿ ಒಬ್ಬರು ಗೇಟಿನಲ್ಲಿ ಬೈಬಲ್ ವಚನದ ಚೀಟಿ ಹಂಚುತ್ತೇನೆಂದು ಬಂದಾಗ ಅವರನ್ನೂ ಅವಳು ಮೆತ್ತಗೆ ವಾಪಸು ಕಳಿಸಿದ್ದಳು.

ಕಿರಾಣಿ ಅಂಗಡಿಯ ಸೊಸೆ ಕೊನೆಗೆ ಬಂದಾಗ ಅತ್ತೆಯೂ ಹಿಂದೆಯೇ ಬಂದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲೊಂದು ಬೀಸಣಿಗೆ. "ನಾ ನೋಡ್ತೀನಿ, ಏನ್ ಕಲಿಸ್ತಾರಂತ," ಎಂದು ಕುರ್ಚಿ ಎಳೆದುಕೊಂಡು ನೆರಳಲ್ಲಿ ಕುಳಿತರು. ಆಮೇಲೆ ಸೊಸೆಯ ಜೊತೆ ಪ್ರತಿ ಶನಿವಾರವೂ ಬಂದರು. ಮೊದಲೆಲ್ಲ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದವರು ಬರಬರುತ್ತ ಕುಳಿತಲ್ಲಿಂದಲೇ ಕೂಗತೊಡಗಿದರು. "ಏ ಸೊಸಿ, ಬ್ರೇಕ್ ಹಿಡಿ! ಕಾಲು ನೆಲಕ್ ಎಳೀಬ್ಯಾಡ!" ಗಾಡಿ ಮುಟ್ಟಿಯೂ ನೋಡದ ಆ ಅಜ್ಜಿ ಎಲ್ಲರಿಗಿಂತ ದೊಡ್ಡ ಮಾಸ್ತರಾದರು.

ಇದು ಎಲ್ಲರಿಗೂ ಸೇರಲಿಲ್ಲ. ಒಂದು ಸಂಜೆ ಕಾಲೊನಿಯ ಕೆಲವು ಗಂಡಸರು ಗುಂಪಾಗಿ ಬಂದು ಗೇಟಿನಲ್ಲಿ ನಿಂತರು. ಗಾಡಿಗಳು ನಿಂತವು. ಪಾಸ್ಟರು ಹೊರಗೆ ಬಂದರು. ನೀರಿನ ಫಿಲ್ಟರ್ ಮಾರುವ ಅಂಗಡಿಯವನು ಮುಂದೆ ಬಂದು, "ಗಾಡಿ ಕಲಿಸೋದು ನೆಪ, ನಮ್ಮ ಹೆಂಗಸರನ್ನು ನಿಮ್ಮ ಕಡೆ ಎಳೆಯೋದು ಕೆಲಸ ಅಂತ ಮಂದಿ ಮಾತಾಡ್ತಿದ್ದಾರೆ," ಎಂದು ಮರಾಠಿಯಲ್ಲಿ ಹೇಳಿದ. ಅವನ ದನಿ ಒರಟಾಗಿರಲಿಲ್ಲ. ಹಿಂದಿದ್ದವರ ದನಿ ಒರಟಾಗಿತ್ತು.

ಪಾಸ್ಟರು, "ಒಳಗೆ ಬನ್ನಿ. ಕುರ್ಚಿ ಹಾಕಿಸುತ್ತೇನೆ. ಕೂತು ನೋಡಿ, ತಪ್ಪು ಕಂಡರೆ ಹೇಳಿ," ಎಂದರು. ಯಾರೂ ಕದಲಲಿಲ್ಲ.

ಆಗ ನೆರಳಲ್ಲಿದ್ದ ಅಜ್ಜಿ ಎದ್ದರು. ಬೀಸಣಿಗೆ ಹಿಡಿದುಕೊಂಡೇ ಗೇಟಿಗೆ ಬಂದರು. ಅರ್ಧ ಮರಾಠಿ, ಅರ್ಧ ಕಲಬುರಗಿಯ ಕನ್ನಡ ಕೂಡಿಸಿ ಮಾತಾಡಿದರು. ನನ್ನ ನೆನಪಿನಲ್ಲಿ ಉಳಿದದ್ದು ಹೀಗೆ:

"ನಾ ಇಲ್ಲಿ ಬಂದು ಕೂಡ್ಲತ್ತಿ ಎಷ್ಟು ದಿನ ಆತು, ನೋಡೀರಿಲ್ಲ? ಕೊರಳಾಗ ನನ್ನ ಲಿಂಗ ಅದ, ಹಣಿ ಮ್ಯಾಲ ಇಬತ್ತಿ ಅದ. ತಗೀರಿ ಅಂತ ಯಾರೂ ಅಂದಿಲ್ಲ. ನನಗ ಸಂಶಯ ಇರಲಿಲ್ಲೇನು? ಇತ್ತು. ಅದಕ್ಕೇ ಬಂದು ಕುಂತೀನಿ. ನಿಮಗೂ ಸಂಶಯ ಇದ್ರ ಬಂದು ಕೂಡ್ರಿ. ಇಷ್ಟು ಮಂದಿ ಕೂಡಿ ಬಂದೀರಲ್ಲ, ನಿಮ್ಮಾಗ ಯಾರರೆ ಒಬ್ರು ನನ್ನ ಸೊಸಿಗಿ ಗಾಡಿ ಕಲಿಸ್ತೀವಿ ಅಂತ ನಮ್ಮ ಬಾಗಿಲಿಗಿ ಬಂದಿದ್ರೇನು?"

ಅಜ್ಜಿ ಸೊಸೆಯ ಕಡೆ ತಿರುಗಿ, "ನಿಂತಿ ಯಾಕ? ಹೊಡಿ ಗಾಡಿ," ಎಂದರು. ಸೊಸೆ ಗಾಡಿ ಚಾಲೂ ಮಾಡಿದಳು. ಗಂಡಸರು ನೋಡುತ್ತಿದ್ದಂತೆಯೇ ಅಂಗಳದ ಸುತ್ತ ಒಂದು ಸುತ್ತು ಹಾಕಿದಳು, ಕಾಲು ನೆಲಕ್ಕೆ ತಾಗಿಸದೆ. ಗುಂಪು ಸ್ವಲ್ಪ ಹೊತ್ತು ನಿಂತು ಕರಗಿತು. ನೀರಿನ ಫಿಲ್ಟರಿನವನು ಒಳಗೆ ಬಂದು ಕುರ್ಚಿಯಲ್ಲಿ ಕುಳಿತ. ಚಹಾ ಕುಡಿದು ಹೋದ. ಎರಡು ವಾರ ಬಿಟ್ಟು ತನ್ನ ತಂಗಿಯನ್ನು ಕರೆತಂದು, "ಹಿಲಾ ಪಣ ಶಿಕವಾ," ಇವಳಿಗೂ ಕಲಿಸಿ, ಎಂದ.

ಈ ನಡುವೆ ಬಸುರಿಯಾಗಿದ್ದ ವಹಿನಿಗೆ ದಿನ ತುಂಬುತ್ತ ಬಂದಿತ್ತು. ಹೆರಿಗೆಗೆ ನಾಸಿಕಕ್ಕೆ ಹೊರಡುವ ಮುಂಚೆ ಎರಡೂ ಗಾಡಿಗಳ ಕೀಲಿಯನ್ನು ನನ್ನ ಕೈಗಿಟ್ಟಳು.

"ನಾನು ಬರೋ ತನಕ ಕ್ಲಾಸು ನಿಲ್ಲಬಾರದು, ಮಾವಶಿ."

"ನಾನು ಓಡಿಸೋದೇ ಹೆಚ್ಚು, ಕಲಿಸೋದಾ?"

"ಬೀಳೋದು ಹೇಗೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು," ಎಂದು ನಕ್ಕಳು.

ಹಾಗೆ ನಾನು ಮಾಸ್ತರಿಣಿಯಾದೆ. ಹಿಂದಿನಿಂದ ಹಿಡಿದು ಓಡುವಾಗ ಮಂಡಿ ನೋಯುತ್ತಿತ್ತು, ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಯಜಮಾನರು ಓರೆಗಣ್ಣಿನಿಂದ ನೋಡುತ್ತಿದ್ದರು. ವಹಿನಿ ನಾಸಿಕದಿಂದ ಪ್ರತಿ ಶನಿವಾರ ಫೋನು ಮಾಡುತ್ತಿದ್ದಳು. ತನ್ನ ಆರೋಗ್ಯ ಕೇಳುವುದಕ್ಕೂ ಬಿಡದೆ, "ಇವತ್ತು ಯಾರು ಗಾಲಿ ಬಿಚ್ಚಿ ಓಡಿಸಿದರು?" ಎನ್ನುತ್ತಿದ್ದಳು.

ಲೈಸನ್ಸಿನ ಪರೀಕ್ಷೆಗೆ ಒಂದು ಗುಂಪಾಗಿ ಹೋದೆವು. ಎಂಟು ಅಂಕಿಯ ಆಕಾರದಲ್ಲಿ ಗಾಡಿ ಓಡಿಸಬೇಕು, ಕಾಲು ಕೆಳಗೆ ಇಡಬಾರದು. ಸಾಲಾಗಿ ನಿಂತ ನಮ್ಮನ್ನು ನೋಡಿ ಅಧಿಕಾರಿ ಯಾವ ಡ್ರೈವಿಂಗ್ ಕ್ಲಾಸಿನವರು ಎಂದು ಕೇಳಿದರು. ಕಿರಾಣಿ ಅಂಗಡಿಯ ಸೊಸೆ, ಕುಂಕುಮದ ಮೇಲೆ ವಿಭೂತಿ ಇಟ್ಟುಕೊಂಡವಳು, ಥಟ್ಟನೆ "ಚರ್ಚ್" ಎಂದಳು. ಅವರು ಅವಳ ಹಣೆ ನೋಡಿದರು, ಅವಳ ಹಿಂದೆ ನಿಂತ ಬುರ್ಖಾದ ಅಕ್ಕತಂಗಿಯರನ್ನು ನೋಡಿದರು, ನನ್ನ ಬಿಳಿ ಕೂದಲು ನೋಡಿದರು. "ಈ ಹೆಸರಿನ ಕ್ಲಾಸು ಎಲ್ಲಿದೆ?" ಎಂದು ನಿಜವಾಗಿಯೂ ಕೇಳಿದರು. ನಾವು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆವು.

ಸೊಸೆ ಒಂದೇ ಸಲಕ್ಕೆ ಪಾಸಾದಳು. ಅಕ್ಕತಂಗಿಯರಲ್ಲಿ ತಂಗಿ ಪಾಸಾದಳು. ಎಲ್ಲರಿಗೂ ಕಲಿಸಿದ ನಾನು ಎಂಟರ ಎರಡನೇ ತಿರುವಿನಲ್ಲಿ ಕಾಲು ಇಟ್ಟುಬಿಟ್ಟೆ. ನಾಚಿಕೆಯಾಯಿತು. ಆದರೂ ವಾಪಸು ಬರುವಾಗ ಮನಸ್ಸು ತುಂಬಿತ್ತು. ಪಾಸಾದವರಿಗೆ ಗಾಡಿ ಹಿಡಿಸಿದ ಕೈ ನನ್ನದಾಗಿತ್ತು. ಮುಂದಿನ ಸಲ ನಾನೂ ಪಾಸಾದೆ, ನಪಾಸಾಗಿದ್ದ ಅಕ್ಕನೂ ನನ್ನ ಜೊತೆಯೇ ಪಾಸಾದಳು.

ಲೈಸನ್ಸು ಬಂದ ಸ್ವಲ್ಪ ದಿನಕ್ಕೆ ಯಜಮಾನರ ಕಂಪನಿ ಬಸ್ಸು ತಪ್ಪಿತು. ಮಳೆ ಬಂದು ರಸ್ತೆ ಕೆಸರಾಗಿತ್ತು, ರಿಕ್ಷಾ ಒಂದೂ ಇರಲಿಲ್ಲ. ಬಾಗಿಲಲ್ಲಿ ನಿಂತು ವಾಚು ನೋಡಿದರು, ಆಕಾಶ ನೋಡಿದರು, ಕೊನೆಗೆ ನನ್ನ ಕಡೆ ನೋಡದೆಯೇ, "ನಡಿ, ಬಿಟ್ಟು ಬಾ," ಎಂದರು.

ಹಿಂದೆ ಕುಳಿತರು. ದಾರಿಯುದ್ದಕ್ಕೂ ಸೀಟಿನ ಹಿಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಫಾಟಾದಲ್ಲಿ ಲಾರಿ ಎದುರಾದಾಗ "ಸಾವ್ಕಾಶ, ಸಾವ್ಕಾಶ" ಎಂದರು. ಕಾರ್ಖಾನೆಯ ಗೇಟಿನಲ್ಲಿ ಅವರ ಪಾಳಿಯವರೆಲ್ಲ ನಿಂತಿದ್ದರು. ಒಬ್ಬ ನಗುತ್ತ, "ಕಾಯ್ ಕಾಕಾ, ಡ್ರೈವರ್ ಠೇವಲಾ ಕಾ?" ಎಂದ, ಡ್ರೈವರ್ ಇಟ್ಟುಕೊಂಡಿರಾ ಎಂದು.

ಯಜಮಾನರು ಇಳಿದು ಅಂಗಿ ಸರಿಮಾಡಿಕೊಂಡರು. "ಡ್ರೈವರ್ ನಾಹೀ, ಮಾಸ್ತರೀಣ ಆಹೇ," ಡ್ರೈವರ್ ಅಲ್ಲ, ಮಾಸ್ತರಿಣಿ, ಎಂದರು. "ಗಾಡಿ ಕಲಿಸ್ತಾಳ ಮಂದಿಗಿ," ಎಂದು ಕನ್ನಡದಲ್ಲೂ ಸೇರಿಸಿದರು. ಅಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ. ಅದು ನನಗೆ ಕೇಳಿಸಲೆಂದೇ ಹೇಳಿದ್ದು.

ವಹಿನಿಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ನೋಡಲು ನಾಸಿಕಕ್ಕೆ ಹೊರಟಾಗ ಅಂಗಳದ ಹೆಂಗಸರೆಲ್ಲ ತಾವೂ ಬರುತ್ತೇವೆಂದರು. ಸರ್ಕಾರಿ ಎಸ್‌ಟಿ ಬಸ್ಸಿನ ಹಿಂದಿನ ಸೀಟುಗಳೆಲ್ಲ ನಮ್ಮವೇ. ಅಜ್ಜಿ ತಾವೇ ಕೈಯಲ್ಲಿ ಹೊಲಿದ ಕೂಸಿನ ಕುಂಚಿಗೆಯನ್ನು ಚೀಲದಲ್ಲಿಟ್ಟುಕೊಂಡು ಮಡಿಲಿಂದ ಇಳಿಸದೆ ಕುಳಿತಿದ್ದರು. ಅಕ್ಕತಂಗಿಯರು ಖರ್ಜೂರ ತಂದಿದ್ದರು. ನಾನು ಅಂಟಿನ ಉಂಡೆ ಕಟ್ಟಿಕೊಂಡಿದ್ದೆ.

ವಹಿನಿಯ ತಾಯಿ ಬಾಗಿಲು ತೆರೆದು ಇಷ್ಟು ಜನರನ್ನು ನೋಡಿ ಕಕ್ಕಾಬಿಕ್ಕಿಯಾದರು. ಎಲ್ಲರನ್ನೂ ಕೂರಿಸಿ, ನೀರು ಕೊಟ್ಟು, ಮೆಲ್ಲನೆ ಕೇಳಿದರು: "ತುಮ್ಹೀ ಸಗಳ್ಯಾ ಮಂಡಳೀಚ್ಯಾ ಕಾ?" ನೀವೆಲ್ಲ ಸಭೆಯವರೇ ಎಂದು. ಮರಾಠಿಯಲ್ಲಿ ಸಭೆಗೆ ಮಂಡಳಿ ಎನ್ನುತ್ತಾರೆ.

ಏನು ಹೇಳಬೇಕೆಂದು ನಾನು ಯೋಚಿಸುತ್ತಿದ್ದೆ. ಅಜ್ಜಿ ಮಗುವಿನ ತಲೆಗೆ ಕುಂಚಿಗೆ ಕಟ್ಟುತ್ತಲೇ, "ಆಮ್ಹೀ ಗಾಡೀ ಮಂಡಳೀ," ನಾವು ಗಾಡಿಯ ಸಭೆಯವರು, ಎಂದರು. ವಹಿನಿ ಹಾಸಿಗೆಯ ಮೇಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣು ಒದ್ದೆಯಾಯಿತು.

ಮಗುವನ್ನೆತ್ತಿಕೊಂಡು ಅವಳು ಕಾಲೊನಿಗೆ ಮರಳಿದ ಮೊದಲ ಶನಿವಾರ ನಾನು ಕೀಲಿಗಳನ್ನು ವಾಪಸು ಕೊಡಲು ಹೋದೆ. ಅವಳು ತನ್ನ ಗಾಡಿಯ ಕೀಲಿ ಮಾತ್ರ ತೆಗೆದುಕೊಂಡಳು. "ಕ್ಲಾಸು ನಿಮ್ಮದು. ನಾನು ಮಗು ಮಲಗಿದಾಗ ಬಂದು ಸಹಾಯ ಮಾಡುತ್ತೇನೆ," ಎಂದಳು. ಆಗ ಅಂಗಳದಲ್ಲಿ ಕಾಯುತ್ತಿದ್ದವರನ್ನು ನೋಡಿದೆ. ಹೊಸ ಮುಖಗಳೇ ಹೆಚ್ಚು. ಕೆಲವರು ಫಾಟಾದ ಆಚೆಯ ವಸತಿಯಿಂದ ನಡೆದು ಬಂದಿದ್ದರು. ಹೊಲಿಗೆಯವಳು ಒಬ್ಬಳಿಗೆ ಸ್ಟ್ಯಾಂಡ್ ಹಾಕುವುದನ್ನು ಹೇಳಿಕೊಡುತ್ತಿದ್ದಳು. ಕಿರಾಣಿ ಅಂಗಡಿಯ ಸೊಸೆ ಅಂಗಡಿಯ ಸಾಮಾನು ತರಲು ಊರೊಳಗೆ ಹೊರಟವಳು ಗೇಟಿನಲ್ಲಿ ಗಾಡಿ ನಿಲ್ಲಿಸಿ ಕೈಬೀಸಿ ಹೋದಳು.

ನಮ್ಮ ಸಭೆ ಈಗಲೂ ಸಣ್ಣದೇ, ತಗಡು ಈಗಲೂ ಅದೇ. ಊರಲ್ಲಿ ಕಲ್ಲಿನ ಗೋಡೆಯ ದೊಡ್ಡ ದೊಡ್ಡ ಚರ್ಚುಗಳಿವೆ. ಅವುಗಳ ಮುಂದೆ ಹಾದುಹೋಗುವಾಗ ತಲೆಬಾಗುತ್ತೇನೆ. ಆದರೆ ನಿಮ್ಮದು ಯಾವ ಸಭೆ ಎಂದು ಯಾರಾದರೂ ಕೇಳಿದರೆ ಗ್ಯಾರೇಜಿನ ವಿಳಾಸವನ್ನು ದೊಡ್ಡ ದನಿಯಲ್ಲೇ ಹೇಳುತ್ತೇನೆ.